ಕಲ್ಯಾಣದ ಕಾದಂಬರಿ, ಬೀದರದ ಓದುಗ

ಐತಿಹಾಸಿಕ ಕಾದಂಬರಿ ಬರೆಯುವವರಿಗೆ ಎರಡು ಥರದ ಓದುಗರು ಗಂಟುಬೀಳುತ್ತಾರೆ. ಒಬ್ಬ ಕೆದಕುವವ. ಆ ಬಾಗಿಲು ಕೋಟೆಯ ಯಾವ ಮಗ್ಗುಲಿಗಿತ್ತು, ಈ ಮಾತಿಗೆ ಶಾಸನದ ಆಧಾರ ಇದೆಯೇ, ರಾಣಿಯ ಹೆಸರು ಎಲ್ಲಿಂದ ತಂದಿರಿ ಎಂದು ಬೆನ್ನು ಹತ್ತುವವ. ಇನ್ನೊಬ್ಬ ಒಲಿದವ. ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಓದುವವ, ನಾಯಕ ಸೋತ ಪುಟದಲ್ಲಿ ಊಟ ಬಿಡುವವ. ಬೆಂಗಳೂರು, ಮೈಸೂರುಗಳಲ್ಲಿ ಕೂತು ಬರೆಯುವ ಲೇಖಕರು ಇವರಿಬ್ಬರನ್ನು ಬೇರೆ ಬೇರೆ ಎಂದುಕೊಂಡರೆ ನಡೆದೀತು. ಬೀದರ ಜಿಲ್ಲೆಯಲ್ಲಿ ಇಬ್ಬರೂ ಒಬ್ಬನೇ ಆಗಿರುತ್ತಾರೆ. ಬಸವಕಲ್ಯಾಣದ ಪರುಷಕಟ್ಟೆಗೆ ಹಣೆ ಹಚ್ಚಿ ಎದ್ದವನೇ ಪಕ್ಕದವರನ್ನು ಕೇಳುತ್ತಾನೆ: "ಖರೇನೇ ಹಿಂಗ ಆಗಿತ್ತೇನ್ರಿ?" ಈ ಪ್ರಶ್ನೆಯಲ್ಲಿ ಅಪನಂಬಿಕೆಯ ಸುಳಿವೂ ಇಲ್ಲ. ನಂಬಿದವನಿಗೇ ತಿಳಿಯುವ ಹಸಿವು ಹೆಚ್ಚು. ಕನ್ನಡದ ಐತಿಹಾಸಿಕ ಕಾದಂಬರಿ ಈ ಓದುಗನನ್ನು ಹೇಗೆ ನಡೆಸಿಕೊಂಡಿತು ಎಂದು ನೋಡಿದರೆ ಲೆಕ್ಕ ಅಷ್ಟೇನೂ ಹೆಮ್ಮೆಪಡುವಂತಿಲ್ಲ.

ಈ ಓದುಗ ತಯಾರಾದ ಬಗೆಯೇ ಬೇರೆ. 1948ರವರೆಗೆ ಬೀದರ ನಿಜಾಮನ ಸಂಸ್ಥಾನದಲ್ಲಿತ್ತು. ಕಚೇರಿ, ಕೋರ್ಟು, ಶಾಲೆಗಳೆಲ್ಲ ಉರ್ದುಮಯ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಕಡೆ ಮಕ್ಕಳಿಗೂ ಗೊತ್ತು. 1956ರಲ್ಲಿ ಹಳೆಯ ಜಿಲ್ಲೆ ಮೂರು ಪಾಲಾಗಿ, ಉದಗೀರ, ನಿಲಂಗಾ ಒಂದು ರಾಜ್ಯಕ್ಕೆ ಹೋದವು, ಜಹೀರಾಬಾದ, ನಾರಾಯಣಖೇಡ ಇನ್ನೊಂದಕ್ಕೆ ಹೋದವು. ಉಳಿದ ಬೀದರ, ಭಾಲ್ಕಿ, ಔರಾದ, ಹುಮನಾಬಾದ, ಬಸವಕಲ್ಯಾಣಗಳು ಮೈಸೂರು ರಾಜ್ಯಕ್ಕೆ ಬಂದವು. ಹೀಗಾಗಿ ಇಲ್ಲಿನ ಹಿರಿಯರ ಕಣ್ಣಿಗೆ ಕನ್ನಡ ಅಚ್ಚಿನ ಕಥೆ ಬಿದ್ದದ್ದು ತಡವಾಗಿ. ಆದರೆ ಕಿವಿಗೆ ಬರಗಾಲ ಇರಲಿಲ್ಲ. ಶ್ರಾವಣ ಬಂತೆಂದರೆ ಮಠದಲ್ಲಿ ತಿಂಗಳಿಡೀ ಪುರಾಣ. ಶಾಸ್ತ್ರಿಗಳು ಓದಿ ಅರ್ಥ ಹೇಳುತ್ತಾರೆ, ಗವಾಯಿ ಎತ್ತಿ ಹಾಡುತ್ತಾನೆ, ತಬಲಾ ಸಾಥಿ, ನಡುವೆ ಯಾರದೋ ಮನೆಯ ಪ್ರಸಾದ. ಶರಣ ಜಗದೇವನ ತಾಯಿ ಮಗನಿಗೆ ನಾಯಿಗೆ ಹಾಕುವಂತೆ ಊಟ ಹಾಕಿ, ಶರಣರಿಗೆ ಆದ ಅನ್ಯಾಯ ಕಂಡೂ ಸುಮ್ಮನಿದ್ದೆಯಲ್ಲ ಎಂದು ಚುಚ್ಚುವ ಪ್ರಸಂಗ ಬಂದಾಗ ಹೆಣ್ಣುಮಕ್ಕಳ ಸಾಲಿನಲ್ಲಿ ಸೆರಗು ಕಣ್ಣಿಗೆ ಹೋಗುತ್ತದೆ. ಕಾದಂಬರಿ ಕೈಗೆ ಬರುವ ಹೊತ್ತಿಗೆ ಈ ಓದುಗ ಎಲ್ಲ ಪಾತ್ರಗಳ ಬಳಗದವನಾಗಿಬಿಟ್ಟಿರುತ್ತಾನೆ. ಲೇಖಕ ಅವನಿಗೆ ಹೊಸ ಕಥೆ ಹೇಳುತ್ತಿಲ್ಲ. ಅವನ ಮನೆಯ ಕಥೆಯನ್ನು ಅವನಿಗೇ ತಿದ್ದಿ ಹೇಳುತ್ತಿದ್ದಾನೆ.

ಈ ಕೆಲಸಕ್ಕೆ ದೊಡ್ಡದಾಗಿ ಕೈಹಾಕಿದವರು ಬಿ. ಪುಟ್ಟಸ್ವಾಮಯ್ಯ. 'ಉದಯರವಿ', 'ರಾಜ್ಯಪಾಲ', 'ಕಲ್ಯಾಣೇಶ್ವರ', 'ನಾಗಬಂಧ', 'ಮುಗಿಯದ ಕನಸು', 'ಕ್ರಾಂತಿ ಕಲ್ಯಾಣ' ಎಂಬ, ಕಲ್ಯಾಣದ ಶರಣರ ಕಥೆಯ ಆರು ಕಾದಂಬರಿಗಳ ಮಾಲೆ ಅದು. ಕೊನೆಯದಕ್ಕೆ 1964ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಗೆ ನಾಟಕ ಬರೆದುಕೊಟ್ಟವರು, ಪತ್ರಿಕೆಯ ಕೆಲಸವನ್ನೂ ಬಲ್ಲವರು. ಆ ಕೈ ಕಾದಂಬರಿಯಲ್ಲೂ ಎದ್ದು ಕಾಣುತ್ತದೆ. ಪ್ರಸಂಗ ಮಾತಿನಲ್ಲಿ ಬಿಚ್ಚಿಕೊಳ್ಳುತ್ತದೆ, ಅರಮನೆಯ ಒಳಸಂಚಿಗೆ ಧಾರಾಳ ಜಾಗವಿದೆ. ಪುರಾಣದಲ್ಲಿ ಬಿಜ್ಜಳ ದುಡುಕುವ ದೊರೆ, ಅಷ್ಟೇ. ಇಲ್ಲಿ ಅವನು ಚಾಲುಕ್ಯ ತೈಲಪನ ಮಾಂಡಲಿಕನಾಗಿದ್ದು ಒಡೆಯನ ಪಟ್ಟವನ್ನೇ ಕಿತ್ತುಕೊಂಡ ರಾಜಕಾರಣಿ. ಕಲ್ಯಾಣದ ಗಲಭೆಗೆ ಹರಳಯ್ಯ, ಮಧುವರಸರ ಮಕ್ಕಳ ಮದುವೆ ನೆಪವಾದರೂ ಅದರ ಹಿಂದೆ ಗದ್ದುಗೆಯ ಲೆಕ್ಕಾಚಾರ ಇತ್ತು ಎಂಬ ನೋಟ ಪುರಾಣದ ಕೇಳುಗನಿಗೆ ಹೊಸದು. ಮಾಲೆಯ ಹೆಚ್ಚುಗಾರಿಕೆ ಇದೇ ಎಂದು ನನಗೆ ಅನ್ನಿಸುತ್ತದೆ. ಭಕ್ತಿಗೆ ಕುಂದು ತಾರದೆ ಅದು ಭಕ್ತನ ಕೈಗೆ ರಾಜಕೀಯದ ಕನ್ನಡಕ ಕೊಟ್ಟಿತು.

ಆದರೂ ಒಂದು ಕೊರತೆ ಉಳಿಯಿತು. ಬಿಜ್ಜಳ ಸತ್ತದ್ದು ಹೇಗೆ ಎಂಬುದನ್ನೇ ತೆಗೆದುಕೊಳ್ಳಿ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ ಮತ್ತು ಅದನ್ನು 1369ರಲ್ಲಿ ಕನ್ನಡಕ್ಕೆ ತಂದ ಭೀಮಕವಿ, ಜಗದೇವನ ಕೈಯಿಂದ ಎನ್ನುತ್ತಾರೆ. ಜೈನರ ಕಥನದಲ್ಲಿ ವಿಷದ ಹಣ್ಣು ಬರುತ್ತದೆ. ಶಾಸನಗಳಾದರೋ 1167ರ ಸುಮಾರಿಗೆ ಮಗ ಸೋವಿದೇವ ಆಳತೊಡಗಿದ್ದನ್ನು ಮಾತ್ರ ತೋರಿಸಿ ಬಾಯಿ ಮುಚ್ಚುತ್ತವೆ. ಇನ್ನು ಶರಣರಿಗೆ ಕಾಲದಲ್ಲಿ ಹತ್ತಿರದವನಾದ ಹರಿಹರನ ರಗಳೆ ಬಸವಣ್ಣನವರ ಭಂಡಾರಿಕೆಯನ್ನು ಮಂಗಳವಾಡದಲ್ಲಿ, ಅಂದರೆ ಇಂದಿನ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯಲ್ಲಿ, ನಡೆಸುತ್ತದೆ. ಇಷ್ಟೊಂದು ಬಿರುಕುಗಳ ಮೇಲೆ ಕಾದಂಬರಿಕಾರ ಗಿಲಾವು ಹೊಡೆದು ಬಣ್ಣ ಬಳಿದರೆ ಗೋಡೆ ಚೆಂದ ಕಾಣುತ್ತದೆ. ಕೆದಕುವ ಓದುಗನಿಗೆ ಮಾತ್ರ ಎಲ್ಲಿ ಕಲ್ಲು, ಎಲ್ಲಿ ಗಿಲಾವು ಎಂದು ತಿಳಿಯುವುದಿಲ್ಲ. ಅವನು ಕಾದಂಬರಿಯ ಕಲ್ಪನೆಯನ್ನೂ ಇತಿಹಾಸವೆಂದೇ ಮನೆಗೆ ಒಯ್ಯುತ್ತಾನೆ. ಹತ್ತು ವರ್ಷ ಬಿಟ್ಟು ಅದೇ ಕಲ್ಪನೆ ಪ್ರವಚನದಲ್ಲಿ ಪುರಾಣವಾಗಿ ತಿರುಗಿ ಬಂದರೆ ಅಚ್ಚರಿಪಡಬೇಕಿಲ್ಲ. ಹಾಗೆ ತಿರುಗಿ ಬರುವುದನ್ನು ಲೇಖಕನ ಗೆಲುವು ಎನ್ನುವವರೂ ಇದ್ದಾರೆ. ನಾನು ಅಷ್ಟು ಉದಾರಿಯಲ್ಲ.

ಚಿತ್ರದುರ್ಗದವರ ನಸೀಬು ಬೇರೆ. ತ.ರಾ.ಸು. ದುರ್ಗದ ಪಾಳೆಯಗಾರರ ಕಥೆಯನ್ನು 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಎಂದು ಬರೆಯುತ್ತ ಬಂದು, 1779ರ ಪತನಕ್ಕೆ ಕೈಯಿಟ್ಟದ್ದು ಎಲ್ಲಕ್ಕಿಂತ ಕೊನೆಗೆ. 'ದುರ್ಗಾಸ್ತಮಾನ' ಹೊರಬಂದದ್ದು 1982ರಲ್ಲಿ. ಮದಕರಿ ಸೋಲುತ್ತಾನೆಂದು ಮೊದಲ ಪುಟದಲ್ಲೇ ಗೊತ್ತಿದ್ದರೂ ಓದುಗರು ಕೊನೆಯ ಪುಟದವರೆಗೆ ಅವನು ಗೆದ್ದಾನೆಂದು ಕಾದರು. ಅಲ್ಲಿ ಓದುಗನ ಒಲವು ಊರಿನ ಮೇಲೆ, ಕೋಟೆಯ ಮೇಲೆ. ಮದಕರಿಯನ್ನು ಯಾರೂ ಇಷ್ಟಲಿಂಗದ ಜೊತೆ ಪೂಜಿಸುವುದಿಲ್ಲ. ಅವನಿಗೆ ಸಿಟ್ಟು, ಹಟ, ತಪ್ಪು ಹೆಜ್ಜೆ ಎಲ್ಲ ಕೊಡಬಹುದು, ಕೊಟ್ಟಷ್ಟೂ ಓದುಗ ಹತ್ತಿರವಾಗುತ್ತಾನೆ. ಬಸವಣ್ಣ, ಅಕ್ಕನಾಗಮ್ಮ, ಚೆನ್ನಬಸವಣ್ಣನವರ ವಿಷಯದಲ್ಲಿ ಲೇಖಕನಿಗೆ ಇಂಥ ಸಲಿಗೆ ಇಲ್ಲ. ಇರಬೇಕಿತ್ತೇ ಎಂಬ ಪ್ರಶ್ನೆಯನ್ನು ಕನ್ನಡ ನಾಡು ಕೋರ್ಟಿನಲ್ಲಿ ಎದುರಿಸಿತು.

ಪಿ.ವಿ. ನಾರಾಯಣ ಅವರ 'ಧರ್ಮಕಾರಣ' 1995ರಲ್ಲಿ ಬಂದ ಕಾದಂಬರಿ. ಮೊದಲು ಮನ್ನಣೆ ಸಿಕ್ಕಿತು, ಹಿಂದೆಯೇ ಅಕ್ಕನಾಗಮ್ಮನವರ ಚಿತ್ರಣದ ಬಗ್ಗೆ ಗಲಾಟೆ ಎದ್ದಿತು. ಸರ್ಕಾರ ಪುಸ್ತಕ ಮುಟ್ಟುಗೋಲು ಹಾಕಿತು. ಹೈಕೋರ್ಟು, ಆಮೇಲೆ 2007ರಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನೇ ಎತ್ತಿಹಿಡಿದವು. ಎಚ್.ಎಸ್. ಶಿವಪ್ರಕಾಶರ 'ಮಹಾಚೈತ್ರ' ನಾಟಕದ ಸುತ್ತ ಎದ್ದ ಗದ್ದಲ ಇದೇ ಜಾತಿಯದು. ಮುಟ್ಟುಗೋಲು ತಪ್ಪು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಪುಸ್ತಕ ಕಸಿದುಕೊಂಡರೆ ಒಪ್ಪದವನಿಗೂ ವಾದಿಸುವ ದಾರಿ ಮುಚ್ಚುತ್ತದೆ. ಬೀದರದ ಆ ಕೆದಕುವ ಭಕ್ತ, ನಿಜಕ್ಕೂ ಅದರಲ್ಲಿ ಏನು ಬರೆದಿದ್ದಾರೆ ಎಂದು ಓದಿ ನೋಡುವ ಹಕ್ಕನ್ನೇ ಕಳೆದುಕೊಂಡ. ಸರ್ಕಾರ ಅವನನ್ನು ಓದುಗ ಎಂದು ಎಣಿಸಲೇ ಇಲ್ಲ, ನೋಯುವ ಮನಸ್ಸು ಎಂದಷ್ಟೇ ಎಣಿಸಿತು.

ಹಾಗೆಂದು ಕಾದಂಬರಿಕಾರರ ಕಡೆ ಎಲ್ಲವೂ ಸರಿಯಿತ್ತು ಎನ್ನಲಾರೆ. ಪುರಾಣ ಹೇಳುವ ಪವಾಡಕ್ಕೆ ಲೌಕಿಕ ಕಾರಣ ಹುಡುಕುವುದು ನಮ್ಮ ಐತಿಹಾಸಿಕ ಕಾದಂಬರಿಯ ಹಳೇ ಚಟ. ಪವಾಡದ ಜಾಗದಲ್ಲಿ ಒಂದು ಗುಟ್ಟು ಇಟ್ಟರೆ ಇತಿಹಾಸವಾಯಿತು ಎಂಬ ಲೆಕ್ಕ. ಆ ಗುಟ್ಟಿಗೂ ಶಾಸನದ ಆಧಾರ ಇರುವುದಿಲ್ಲ, ಪವಾಡದಷ್ಟೇ ಅದೂ ಕಲ್ಪಿತ. ಎರಡರಲ್ಲಿ ಒಂದು ಆಧುನಿಕರಿಗೆ ರುಚಿಸುತ್ತದೆ, ಅಷ್ಟೇ ವ್ಯತ್ಯಾಸ. ಇದನ್ನು ಲೇಖಕರು ಓದುಗನಿಗೆ ಮುಖಾಮುಖಿ ಹೇಳಿದ್ದು ಕಡಿಮೆ. ಕಾದಂಬರಿಯಲ್ಲವೇ, ಸ್ವಾತಂತ್ರ್ಯ ಇದೆ ಎಂದು ಸಾಹಿತ್ಯದ ಗೋಷ್ಠಿಗೆ ಹೇಳಿದರೆ ಸಾಕು ಎಂದುಕೊಂಡರು. ಮಠದ ಅಂಗಳದಲ್ಲಿ ಕಂಬಳಿ ಹಾಸಿಕೊಂಡು ಕೂತವನು ಅವರ ಲೆಕ್ಕದಲ್ಲಿ ಇರಲಿಲ್ಲ.

ಕೆ.ಎನ್. ಗಣೇಶಯ್ಯ ಇದಕ್ಕೆ ಬೇರೊಂದು ಮದ್ದು ಕಂಡುಹಿಡಿದರು. ಕೃಷಿ ವಿಜ್ಞಾನಿಯಾದ ಅವರು 'ಕನಕ ಮುಸುಕು', 'ಕರಿಸಿರಿಯಾನ', 'ಚಿತಾದಂತ'ಗಳಂಥ ಕಾದಂಬರಿಗಳಲ್ಲಿ ಕಥೆಯ ಜೊತೆಗೇ ಅಡಿಟಿಪ್ಪಣಿ, ಚಿತ್ರ, ಆಕರಗಳನ್ನು ಕೊಟ್ಟು ಕೆದಕುವ ಓದುಗನನ್ನು ಪಾಲುದಾರನನ್ನಾಗಿ ಮಾಡಿಕೊಂಡರು. ಹೊಸ ತಲೆಮಾರಿನ ಎಷ್ಟೋ ಹುಡುಗರು ಶಾಸನ, ಶಿಲ್ಪಗಳ ಕಡೆ ತಿರುಗಿದ್ದರೆ ಅದರಲ್ಲಿ ಈ ಪುಸ್ತಕಗಳ ಪಾಲಿದೆ. ಹುಮನಾಬಾದದ ಹತ್ತಿರ ಜಲಸಂಗಿಯ ಗುಡಿಯಲ್ಲಿ ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯನ್ನು ಬರೆಯುತ್ತ ನಿಂತ ಹೆಣ್ಣಿನ ಶಿಲ್ಪವಿದೆಯಲ್ಲ, ಅದರ ಎದುರು ನಿಂತು ಅಕ್ಷರ ಕೂಡಿಸಿ ಓದಲು ಹೆಣಗುವ ಹುಡುಗನನ್ನು ನೆನೆಯಿರಿ. ಅಂಥವನಿಗೆ ಈ ಬರವಣಿಗೆ ಹೇಳಿ ಮಾಡಿಸಿದ್ದು. ನನ್ನ ತಕರಾರು ಇಷ್ಟೇ: ಅಡಿಟಿಪ್ಪಣಿ ಇರುವ ವಾಕ್ಯ ಅದಿಲ್ಲದ ವಾಕ್ಯಕ್ಕೂ ತನ್ನ ಮರ್ಯಾದೆಯನ್ನು ಸಾಲ ಕೊಡುತ್ತದೆ. ಹತ್ತು ಆಧಾರಗಳ ನಡುವೆ ಹನ್ನೊಂದನೆಯದಾಗಿ ನುಸುಳಿದ ಊಹೆ ಸಾಚಾ ಆಗಿ ನಡೆದುಬಿಡುತ್ತದೆ. ಇನ್ನೂ ಒಂದು: ಇಲ್ಲಿ ಇತಿಹಾಸ ಬಿಡಿಸಬೇಕಾದ ಒಗಟು. ಹರಳಯ್ಯನ ಗವಿಯ ಮುಂದೆ ನಿಂತವನಿಗೆ ಬಿಡಿಸಲು ಒಗಟೇನೂ ಇರುವುದಿಲ್ಲ. ಅವನಿಗೆ ಬೇಕಾದದ್ದು ಹರಳಯ್ಯನನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದ ಆ ಎಳೆಹೂಟೆಯ ದಿನ ಆ ಓಣಿಯ ಜನ ಬಾಗಿಲು ಹಾಕಿಕೊಂಡರೋ, ಹೊರಗೆ ಬಂದರೋ ಎಂಬುದು. ಆ ಜಾಗಕ್ಕೆ ಟಿಪ್ಪಣಿ ಕೈ ಚಾಚಲಾರದು. ಅಲ್ಲಿಗೆ ಕಾದಂಬರಿಯೇ ಹೋಗಬೇಕು.

ಈ ಓದುಗ ಎರಡು ಸತ್ಯಗಳನ್ನು ಒಟ್ಟಿಗೆ ಹೊರಲಾರ ಎಂಬ ಭಯ ಲೇಖಕರಿಗೂ ಇದೆ, ಸರ್ಕಾರಕ್ಕೂ ಇದೆ. ಬೀದರದ ಹೊರವಲಯದ ಅಷ್ಟೂರಿಗೆ ಹೋಗಿ ನೋಡಿದರೆ ಆ ಭಯ ಉಳಿಯದು. ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದ ಬಹಮನಿ ಸುಲ್ತಾನ ಅಹ್ಮದ್ ಶಾಹನ ಗೋರಿ ಅಲ್ಲಿದೆ. ಗುಮ್ಮಟದ ಒಳಮೈ ತುಂಬ ಬಂಗಾರ ಬಣ್ಣದ ಪಾರಸಿ ಬರಹ. ಒಂದು ಕಡೆಯ ಜನಕ್ಕೆ ಅವನು ವಲಿ, ಇನ್ನೊಂದು ಕಡೆಯವರಿಗೆ ಅಲ್ಲಮಪ್ರಭುವಿನ ಅವತಾರ. ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ನಡೆದು ಬರುತ್ತಾರೆ. ಶಂಖ ಊದುತ್ತಾರೆ, ಕಾಯಿ ಒಡೆಯುತ್ತಾರೆ. ಅಲ್ಲಮ ಹನ್ನೆರಡನೆಯ ಶತಮಾನದವನು, ಸುಲ್ತಾನ ಹದಿನೈದನೆಯದವನು ಎಂಬ ಲೆಕ್ಕ ಅಲ್ಲಿಗೆ ಬಂದ ಶಾಲಾ ಮಾಸ್ತರರಿಗೆ ಗೊತ್ತಿಲ್ಲದೆ ಏನಿಲ್ಲ. ಗೊತ್ತಿದ್ದೂ ಕಾಯಿ ಒಡೆಯುತ್ತಾರೆ, ಸಂಜೆ ಮನೆಗೆ ಬಂದು ಮಗನಿಗೆ ಬಹಮನಿ ವಂಶಾವಳಿ ಬಾಯಿಪಾಠ ಮಾಡಿಸುತ್ತಾರೆ. ಕಥೆಗೂ ದಾಖಲೆಗೂ ಬೇರೆ ಬೇರೆ ಜಾಗ ಕೊಡಬಲ್ಲ ಇಂಥವರನ್ನು ಹುಸಿ ಖಾತ್ರಿ ಕೊಟ್ಟು ಸಮಾಧಾನ ಮಾಡುವ ಅಗತ್ಯ ಯಾರಿಗೂ ಇಲ್ಲ.

ಕಲ್ಯಾಣಕ್ಕೆ ಸಿಕ್ಕಷ್ಟು ಕನ್ನಡ ಲೇಖಕರು ಬೀದರದ ಬಹಮನಿಗಳಿಗೆ ಸಿಗಲಿಲ್ಲ. ಮಹಮೂದ್ ಗವಾನನ ಕಥೆ ಕಾದಂಬರಿಗೆ ಹೇಳಿಮಾಡಿಸಿದಂತಿದೆ. ವ್ಯಾಪಾರಕ್ಕೆಂದು ದೂರದ ಗೀಲಾನದಿಂದ ಬಂದವ ವಜೀರನಾದ, 1472ರಲ್ಲಿ ಮದರಸಾ ಕಟ್ಟಿದ. ಎದುರಾಳಿಗಳು ಅವನ ಮೊಹರು ಬಿದ್ದ ಖೋಟಾ ಪತ್ರ ಹುಟ್ಟಿಸಿದರು, 1481ರಲ್ಲಿ ಸುಲ್ತಾನ ಅವನ ತಲೆ ಹೊಡೆಸಿದ. ಗವಾನ ಬರೆದ ಪಾರಸಿ ಪತ್ರಗಳ ಸಂಗ್ರಹ 'ರಿಯಾಜುಲ್ ಇನ್ಶಾ' ಇಂದಿಗೂ ಉಳಿದಿದೆ. ಈ ಕಥೆಯನ್ನು ಕನ್ನಡದಲ್ಲಿ ಬರೆಯಹೊರಟವರಿಗೆ ಮದರಸಾದ ಸುತ್ತಲ ಗಲ್ಲಿಗಳಲ್ಲಿ, ಕನ್ನಡವನ್ನೂ ಉರ್ದುವನ್ನೂ ಓದಬಲ್ಲ ಓದುಗರು ಕಾದಿದ್ದಾರೆ. ಮೊದಲ ಪ್ರತಿ ಕೈಗೆ ಬಂದ ದಿನವೇ ಅವರು ಕಾದಂಬರಿಯೊಳಗಿನ ಆ ಖೋಟಾ ಪತ್ರ ಬಿಚ್ಚಿಟ್ಟುಕೊಂಡು, ಇದರಲ್ಲಿ ಚರಿತ್ರೆಕಾರ ಫರಿಶ್ತಾ ಹೇಳಿದ್ದೆಷ್ಟು, ನೀವು ಕೂಡಿಸಿದ್ದೆಷ್ಟು ಎಂದು ಕೇಳುತ್ತಾರೆ.