ಸಾಂಟಾ ಫೆ ಕಡೆಗೆ ಓಡಿದವರು

2018ರಲ್ಲಿ ಎಡಿಸನ್ ಎಸ್ಕೀಟ್ಸ್ ಎಂಬ, ಅಮೆರಿಕದ ಮೂಲನಿವಾಸಿ ನವಾಹೋ ಜನಾಂಗದ ಓಟಗಾರ ಅರಿಜೋನಾದ ಕ್ಯಾನ್ಯನ್ ಡಿ ಶೇ ಕಣಿವೆಯ ಸ್ಪೈಡರ್ ರಾಕ್‌ನಿಂದ ನ್ಯೂ ಮೆಕ್ಸಿಕೋದ ಸಾಂಟಾ ಫೆವರೆಗೆ ಓಡಿದರು. 330 ಮೈಲಿ, ಅಂದರೆ ಸುಮಾರು 530 ಕಿಲೋಮೀಟರ್, 15 ದಿನ. ದಿನಕ್ಕೆ 35 ಕಿಲೋಮೀಟರ್ ತಾನೇ, ಮ್ಯಾರಥಾನ್‌ಗಿಂತ ಕಡಿಮೆ ಎಂದು ಮೂಗು ಮುರಿಯಬೇಡಿ. ಮ್ಯಾರಥಾನ್ ಓಡಿದವರು ಮರುದಿನ ಗೋಡೆ ಹಿಡಿದು ಮೆಟ್ಟಿಲಿಳಿಯುತ್ತಾರೆ. ಇಲ್ಲಿ ಮರುದಿನವೂ ಲೇಸು ಬಿಗಿಯಬೇಕು, ಅದೂ ಎರಡು ಸಾವಿರ ಮೀಟರ್ ಆಸುಪಾಸಿನ ಎತ್ತರದ ತೆಳು ಗಾಳಿಯಲ್ಲಿ. ಇಂಥ ಓಟ ಉಳಿಯುವುದು ಊಟ, ನಿದ್ದೆ ಮತ್ತು ಪಾದದ ಆರೈಕೆಯಿಂದ. ವೇಗದ ಮಾತು ಆಮೇಲೆ.

ನನಗೆ ಹಿಡಿಸಿದ್ದು ಅವರು ಆರಿಸಿಕೊಂಡ ದಿಕ್ಕು.

ಸಾಂಟಾ ಫೆಯಲ್ಲಿ ಕೂತಿದ್ದ ಅಮೆರಿಕದ ಸೇನೆಯ ಜನರಲ್ ಜೇಮ್ಸ್ ಕಾರ್ಲ್‌ಟನ್‌ನ ಆಜ್ಞೆಯಂತೆ 1863ರಲ್ಲಿ ಕಿಟ್ ಕಾರ್ಸನ್‌ನ ಪಡೆ ನವಾಹೋ ನಾಡಿಗೆ ನುಗ್ಗಿತು. ಮೆಕ್ಕೆಜೋಳದ ಹೊಲಗಳು ಸುಟ್ಟುಹೋದವು, ಕುರಿಹಿಂಡುಗಳು ಸತ್ತವು. ಮರುವರ್ಷ ಸೈನಿಕರು ಕಣಿವೆಯ ಸಾವಿರಾರು ಪೀಚ್ ಮರಗಳನ್ನೂ ಕಡಿದುಹಾಕಿದರು. ಮನುಷ್ಯರ ಮೇಲಿನ ಸಿಟ್ಟು ಇರಲಿ, ಹಣ್ಣಿನ ಮರ ಏನು ಮಾಡಿತ್ತು? ಹಸಿವಿಗೆ ಸೋತು ಶರಣಾದವರನ್ನು ಪೂರ್ವಕ್ಕೆ, ಪೇಕಸ್ ನದಿದಂಡೆಯ ಬಾಸ್ಕ್ ರೆಡಾಂಡೋಗೆ ನಡೆಸಿಕೊಂಡು ಹೋದರು. ಮುನ್ನೂರು ಮೈಲಿಗೂ ಮೀರಿದ ದಾರಿ. ಹಿಂದೆ ಬಿದ್ದ ಮುದುಕರನ್ನೂ ಗರ್ಭಿಣಿಯರನ್ನೂ ಗುಂಡಿಕ್ಕಿ ಕೊಂದದ್ದನ್ನು ನವಾಹೋ ಹಿರಿಯರು ಇಂದಿಗೂ ಹೇಳುತ್ತಾರೆ. ಬಾಸ್ಕ್ ರೆಡಾಂಡೋದಲ್ಲಿ ನೀರು ಸವಳು, ಬೆಳೆಗೆ ಹುಳು. ನಾಲ್ಕು ವರ್ಷದ ಸೆರೆಯ ಬಳಿಕ, 1868ರ ಜೂನ್ 1ರಂದು ಸರ್ಕಾರದೊಂದಿಗೆ ಒಪ್ಪಂದವಾಯಿತು. ಅದರ ಮಾತುಕತೆಯಲ್ಲಿ, ಈಗಿನ ಓಕ್ಲಹೋಮದ ಕಡೆ ಹೋಗುವಿರಾ ಎಂದು ಜನರಲ್ ಶರ್ಮನ್ ಕೇಳಿದಾಗ, ನಮ್ಮ ನೆಲವೇ ಬೇಕೆಂದು ಮುಖಂಡ ಬಾರ್ಬನ್ಸಿಟೊ ಪಟ್ಟು ಹಿಡಿದ. ಅದೇ ತಿಂಗಳು ಜನ ಊರಿಗೆ ಹೊರಟರು.

ಆ ಬಿಡುಗಡೆಯ 150ನೇ ವರ್ಷಕ್ಕೆ ಓಡುವವರು ಬಾಸ್ಕ್ ರೆಡಾಂಡೋದಿಂದ ಮನೆ ಕಡೆಗೆ ಓಡುತ್ತಾರೆಂದೇ ಯಾರಾದರೂ ಊಹಿಸುವುದು. ಎಸ್ಕೀಟ್ಸ್ ಮನೆಯಿಂದ ಹೊರಟು, ಆಜ್ಞೆ ಹೊರಟಿದ್ದ ಊರಿಗೆ ಓಡಿದರು. ಹಿಂದೆ ನವಾಹೋಗಳಲ್ಲಿ ಸುದ್ದಿ ಒಯ್ಯುತ್ತಿದ್ದವರು ಓಟಗಾರರು. ಇವರೂ ಬದುಕುಳಿದ ಹಿರಿಯರ ಪರವಾಗಿ ಸಂದೇಶ ಒಯ್ದರು. ಸಾಂಟಾ ಫೆ ಇರುವುದು ಪೂರ್ವಕ್ಕೆ. ನವಾಹೋ ಮಕ್ಕಳನ್ನು ನಸುಕಿನಲ್ಲಿ ಎಬ್ಬಿಸಿ ಓಡಿಸುವುದು ಪೂರ್ವಕ್ಕೆ. ಹೆಣ್ಣುಮಗಳು ಮೈನೆರೆದಾಗ ಕಿನಾಲ್ಡಾ ವಿಧಿಯಲ್ಲಿ ಓಡುವುದೂ ಪೂರ್ವಕ್ಕೆ. ಬಂದೂಕಿನ ಮುಂದೆ ಹಿರಿಯರು ನಡೆದ ದಿಕ್ಕಿಗೇ ಇವರು ತಮ್ಮ ಇಚ್ಛೆಯಿಂದ ಓಡಿದರು. ಸ್ಮರಣೆಯ ಹೆಸರಲ್ಲಿ ಟೀ ಶರ್ಟ್ ಹಂಚುವ ನಮ್ಮ ಭಾನುವಾರದ ಓಟಗಳಲ್ಲಿ ದಾರಿ ನಿಶ್ಚಯಿಸುವುದು ಟ್ರಾಫಿಕ್ ಪೊಲೀಸರು. ಎಸ್ಕೀಟ್ಸ್ ಓಟಕ್ಕೆ ಇತಿಹಾಸವೇ ದಾರಿ ಹಾಕಿಕೊಟ್ಟಿತ್ತು.

ಜಿಮ್ ಕ್ರಿಸ್ಟೋಫಿಕ್ ಜೊತೆ ಎಸ್ಕೀಟ್ಸ್ ಬರೆದ ‘ಸೆಂಡ್ ಎ ರನ್ನರ್’ ಪುಸ್ತಕ ಓಡುವವರೆಲ್ಲ ಓದಬೇಕಾದದ್ದು. ಅಮೆರಿಕದಲ್ಲಿರುವ ಕನ್ನಡಿಗ ಓಟಗಾರರಿಗೊಂದು ಮಾತು: ಕ್ಯಾನ್ಯನ್ ಡಿ ಶೇಗೆ ಹೋದರೆ ಮೇಲಿನ ಅಂಚಿನಿಂದ ಸ್ಪೈಡರ್ ರಾಕ್ ನೋಡಿ ಬನ್ನಿ. ಕಣಿವೆಯ ತಳದಲ್ಲಿ ಈಗಲೂ ನವಾಹೋ ಕುಟುಂಬಗಳ ಹೊಲಗಳಿವೆ. ಅಲ್ಲಿಗೆ ಇಳಿಯುವುದಾದರೆ ನವಾಹೋ ಮಾರ್ಗದರ್ಶಿಯ ಜೊತೆಗೇ ಇಳಿಯಿರಿ.