ಕರಪತ್ರದಲ್ಲಿರುವ ಹೆಸರುಗಳು

ದಲಿತ ವಿಮರ್ಶೆ ಅಂದರೆ ನಾವು ಈಗಲೂ ಪುಸ್ತಕವನ್ನೇ ಕೈಗೆತ್ತಿಕೊಳ್ಳುತ್ತೇವೆ. ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು, ಪಠ್ಯವೂ ಆಯಿತು. ಆದರೆ ಆ ಹಾಡುಗಳನ್ನು ಯಾವ ಸಭೆಯಲ್ಲಿ, ಯಾವ ಹೊಡೆತಕ್ಕೆ ಉತ್ತರವಾಗಿ ಹಾಡಿದರು ಅಂತ ಹೇಳುವ ಕರಪತ್ರ ಎಲ್ಲಿ? 1973ರ ಬೂಸಾ ಪ್ರಕರಣ, ಆಮೇಲಿನ ದಲಿತ ಸಂಘರ್ಷ ಸಮಿತಿ, ಚಳವಳಿಯ ದನಿಯಾಗಿದ್ದ ‘ಪಂಚಮ’ ಪತ್ರಿಕೆ, ಇವುಗಳ ಬಗ್ಗೆ ಬರೆಯುವ ವಿದ್ಯಾರ್ಥಿ ಬಹುಪಾಲು ಇನ್ನೊಬ್ಬರ ನೆನಪನ್ನೇ ಉಲ್ಲೇಖಿಸುತ್ತಾನೆ. ಮೂಲ ಹಾಳೆಗಳು ಯಾರದೋ ಅಟ್ಟದ ಮೇಲೆ ಗೆದ್ದಲಿಗಾಗಿ ಕಾದಿವೆ.

ರಾಮನಗರದ ಪಕ್ಕದಲ್ಲೇ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ನಮ್ಮವರು ಬಳಸಿದ ಸಾಮಾನು, ಬಾರಿಸಿದ ವಾದ್ಯ ಅಲ್ಲಿ ಜೋಪಾನವಾಗಿವೆ, ಸಂತೋಷ. ಆದರೆ ತಮಟೆ ಬಾರಿಸಿದವನೇ ‘ಇನ್ನು ಬಾರಿಸಲ್ಲ’ ಅಂತ ಅಚ್ಚು ಹಾಕಿಸಿದರೆ ಆ ಚೀಟಿ ಜಾನಪದವೂ ಅಲ್ಲ, ಸಾಹಿತ್ಯವೂ ಅಲ್ಲ. ಅದಕ್ಕೆ ಕಪಾಟೇ ಇಲ್ಲ.

ಈಗ ಸ್ಕ್ಯಾನರ್ ಬಂದಿದೆ. ಬೆಂಗಳೂರಿನಲ್ಲಿ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಎಂಬ ಯೋಜನೆಯವರು ಕನ್ನಡದ ಪುಸ್ತಕ, ಪತ್ರಿಕೆಗಳನ್ನು ಇಂಟರ್‌ನೆಟ್ ಆರ್ಕೈವ್‌ಗೆ ಏರಿಸುತ್ತಾ ಬಂದಿದ್ದಾರೆ. ಕನಕಪುರದ ಹಾಸ್ಟೆಲ್ ಹುಡುಗಿ ಕಾಸಿಲ್ಲದೆ, ಯಾವ ಗುಮಾಸ್ತನ ಮುಖವನ್ನೂ ನೋಡದೆ ಓದಬಹುದು. ಅಕ್ಷರ ಮುಟ್ಟಗೊಡದ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಕಾಯ್ದೆಯ ತೊಡಕು ಇದ್ದೇ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬರೆದವರ ಹೆಸರಿಲ್ಲದ ಬರಹಕ್ಕೆ ಪ್ರಕಟವಾದ ಮರುವರ್ಷದಿಂದ 60 ವರ್ಷ ಹಕ್ಕು. ಅಂದರೆ 1975ರ ಅನಾಮಿಕ ಕರಪತ್ರಕ್ಕೆ 2035ರ ಕೊನೆಯವರೆಗೂ ಬೀಗ. ಹಂಚಲೆಂದೇ ಅಚ್ಚಾದದ್ದಕ್ಕೆ!

ಆದರೆ ನನ್ನನ್ನು ಕಾಡಿದ್ದು ಕಾಯ್ದೆಯಲ್ಲ. ಚನ್ನಪಟ್ಟಣದ ಕಡೆಯ ಕೇರಿಯೊಂದರಲ್ಲಿ ಹಳೆಯ ಕಾರ್ಯಕರ್ತರೊಬ್ಬರು ಟ್ರಂಕು ತೆಗೆದು, ಒಂದು ಹಾಳೆಯ ಮೇಲೆ ಕೈಯಿಟ್ಟು, ‘ಇದ್ರಲ್ಲಿ ನಮ್ಮಕ್ಕನ ಹೆಸ್ರು ಐತೆ ಕಣಪ್ಪ, ಊರೋರೆಲ್ಲ ಮೊಬೈಲಲ್ಲಿ ನೋಡ್ಬೇಕಾ?’ ಅಂದರು. ಬಹಿಷ್ಕಾರ, ಹಲ್ಲೆ, ಅತ್ಯಾಚಾರ: ನಮ್ಮ ಕರಪತ್ರಗಳು ನೊಂದವರ ಹೆಸರನ್ನು ಊರಿನ ಸಮೇತ ಹಾಕಿದ್ದುಂಟು. ಪೊಲೀಸರ ಮೌನದ ಎದುರು ಅಂದು ಅದು ಬೇಕಿತ್ತು. ಸರ್ಕಲ್ಲಿನಲ್ಲಿ ಹಂಚಿದ ಐನೂರು ಪ್ರತಿ ಬೇರೆ, ಹೆಸರು ಹುಡುಕಿದರೆ ಕ್ಷಣದಲ್ಲಿ ಎದ್ದು ಬರುವ ಹಾಳೆ ಬೇರೆ.

ಹಾಗಂತ ಮುಚ್ಚಿಡಿ ಅನ್ನುತ್ತಿಲ್ಲ. ಮುಚ್ಚಿಟ್ಟರೆ ಲಾಭ ಹೊಡೆದವರಿಗೆ. ಹಾಳೆ ತೆರೆಯಲಿ, ನೊಂದವರ ಹೆಸರಿಗೆ ಮರೆ ಇರಲಿ. ಆ ಮರೆ ಎಲ್ಲಿ, ಎಷ್ಟು ದಿನ ಎಂಬುದನ್ನು ನೊಂದವರು, ಅವರ ಮನೆಯವರು ಹೇಳಲಿ, ಸ್ಕ್ಯಾನ್ ಮಾಡಿದವರಲ್ಲ. ವಿವರಪಟ್ಟಿ ಬರೆಯುವವರೂ ನಮ್ಮವರಿರಲಿ. ಭೂಮಿಗಾಗಿ ನಡೆದ ಹೋರಾಟವನ್ನು ‘ಜಾತಿ ಗಲಭೆ’ ಅಂತ ನಮೂದಿಸಿದರೆ ಮುಂದಿನ ವಿದ್ಯಾರ್ಥಿಗೆ ಅದು ಗಲಭೆಯಾಗಿಯೇ ಸಿಗುತ್ತದೆ. ಇದು ವಿಮರ್ಶೆಯ ಕೆಲಸ. ಗುಮಾಸ್ತಿಕೆ ಅಂದುಕೊಂಡು ನಾವೇ ಬಿಟ್ಟುಕೊಟ್ಟಿದ್ದೇವೆ.

ಆ ದಿನ ಅವರು ಹತ್ತು ಹಾಳೆ ಕೊಟ್ಟರು. ಆ ಒಂದನ್ನು ಮಡಿಸಿ ಟ್ರಂಕಿಗೇ ಹಾಕಿದರು. ‘ಅಕ್ಕನ್ನ ಕೇಳಿ ಹೇಳ್ತೀನಿ’ ಅಂದರು.