ಬಿಟ್ಟಿ ಆ್ಯಪಿಗೆ ಜಾತಕ ಯಾಕೆ?

ಕಳೆದ ತಿಂಗಳು ಅಮ್ಮನಿಗೆ ಹೊಸ ಫೋನ್ ತಂದುಕೊಟ್ಟೆ. ಅವಳಿಗೆ ಬೇಕಿದ್ದದ್ದು ಒಂದು ಪಂಚಾಂಗದ ಆ್ಯಪ್, ಅಷ್ಟೇ. ಅದಕ್ಕೆ ದುಡ್ಡೂ ಇಲ್ಲ. ಆದರೆ ಮೊದಲು ಅಕೌಂಟ್ ಮಾಡಿ ಅಂತು ಫೋನು. ಹೆಸರು, ಹುಟ್ಟಿದ ತಾರೀಕು, ಗಂಡೋ ಹೆಣ್ಣೋ, ಎಲ್ಲ ಕೇಳಿತು. “ತಿಥಿ ನೋಡೋಕೆ ನಾನು ಹುಟ್ಟಿದ ದಿನ ಇವರಿಗ್ಯಾಕೋ?” ಅಂದಳು. ಹತ್ತು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ಗೂಗಲ್‌ನ ಪ್ಲೇ ಸ್ಟೋರ್ ಆಗಲಿ, ಆ್ಯಪಲ್‌ನ ಆ್ಯಪ್ ಸ್ಟೋರ್ ಆಗಲಿ, ಉಚಿತ ಆ್ಯಪಿಗೂ ಅಕೌಂಟ್ ಕೇಳುತ್ತವೆ. ದುಡ್ಡು ಕೊಟ್ಟು ಕೊಳ್ಳುವಾಗ ಅಕೌಂಟ್ ಬೇಕು, ಒಪ್ಪೋಣ. ಬಿಟ್ಟಿ ಆ್ಯಪಿಗೆ? ಸುರಕ್ಷತೆಗೆ ಅನ್ನುವವರಿದ್ದಾರೆ. ಆ ವಾದ ನಿಲ್ಲೋದಿಲ್ಲ. ಪರೀಕ್ಷೆ ಮಾಡಬೇಕಾದ್ದು ಆ್ಯಪನ್ನು, ಇಳಿಸಿಕೊಳ್ಳುವವರನ್ನಲ್ಲ. ಡೆಬಿಯನ್ ಲಿನಕ್ಸ್ ಸಾವಿರಾರು ಪ್ಯಾಕೇಜುಗಳನ್ನು ಯಾರ ಹೆಸರೂ ಕೇಳದೆ ಕೊಡುತ್ತೆ. ಬಂದದ್ದು ಅಸಲಿಯೇ ಅಂತ ಡಿಜಿಟಲ್ ಸಹಿ ನೋಡಿ ತಿಳಿಯಬಹುದು. ಆಂಡ್ರಾಯ್ಡ್‌ಗೂ 2010ರಿಂದ ಎಫ್-ಡ್ರಾಯ್ಡ್ ಇದೆ, ಅಕೌಂಟ್ ಇಲ್ಲದೆಯೇ ನಡೆಯುತ್ತಿದೆ. ಅಲ್ಲಿ ಮುಕ್ತ ತಂತ್ರಾಂಶ ಮಾತ್ರ ಸಿಗೋದು. ಬ್ಯಾಂಕ್ ಆ್ಯಪ್ ಬೇಕೆಂದರೆ ಮತ್ತೆ ದೊಡ್ಡ ಅಂಗಡಿಗೇ ಹೋಗಬೇಕು.

“ಮುಚ್ಚಿಡೋಕೆ ನನ್ನ ಹತ್ರ ಏನಿದೆ?” ಅನ್ನುವವರು ಒಮ್ಮೆ ತಮ್ಮ ಆ್ಯಪ್‌ಗಳ ಪಟ್ಟಿ ನೋಡಿಕೊಳ್ಳಿ. ಸಕ್ಕರೆ ಕಾಯಿಲೆ, ಸಾಲ, ಮುಟ್ಟಿನ ಲೆಕ್ಕ, ಹೊಸ ಕೆಲಸದ ಹುಡುಕಾಟ, ಮದುವೆ: ಮನೆಯವರಿಗೂ ಹೇಳದ್ದು ಅಲ್ಲಿರುತ್ತೆ. ಅಕೌಂಟ್ ಇದ್ದರೆ ಆ ಪಟ್ಟಿ ನಮ್ಮ ಹೆಸರಿಗೆ ಅಂಟಿಕೊಳ್ಳುತ್ತೆ. ಫೋನಿಂದ ಆ್ಯಪ್ ತೆಗೆದುಹಾಕಿದರೂ, ಒಂದು ಕಾಲಕ್ಕೆ ಇಳಿಸಿಕೊಂಡಿದ್ದೆವು ಅನ್ನೋ ದಾಖಲೆ ಅಕೌಂಟಿನಲ್ಲಿ ಉಳಿಯುತ್ತೆ.

ಬಿಲ್ ಮಾಡೋಕೆ ಗ್ರಾಹಕರ ಮೊಬೈಲ್ ನಂಬರ್ ಕೊಡಲೇಬೇಕು ಅಂತ ಒತ್ತಾಯಿಸಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಅಂಗಡಿಗಳಿಗೆ ಸೂಚಿಸಿತು. ಮಾಲ್‌ನಲ್ಲಿ ತಪ್ಪಾದದ್ದು ಫೋನಿನೊಳಗಿನ ಅಂಗಡಿಯಲ್ಲಿ ಹೇಗೆ ಸರಿ? ಅಕೌಂಟ್ ಬೇಕಾದವರಿಗೆ ಇರಲಿ. ಬೇಡವಾದವರಿಗೆ ‘ಅಕೌಂಟ್ ಇಲ್ಲದೆ ಮುಂದುವರಿಯಿರಿ’ ಅನ್ನೋ ಒಂದು ಬಟನ್ ಸಾಕು.

ಆ ಬಟನ್ ಇಲ್ಲದ್ದಕ್ಕೆ ಕೊನೆಗೆ ಅಮ್ಮನ ಅಕೌಂಟ್ ನಾನೇ ಮಾಡಿಕೊಟ್ಟೆ. ಹುಟ್ಟಿದ ತಾರೀಕು ಕೇಳಿದಾಗ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡಿದ್ದ ಜೂನ್ ಒಂದನ್ನೇ ಹೇಳಿದಳು. ಅಸಲಿ ದಿನ ಇನ್ನೂ ಅವಳ ಹತ್ತಿರವೇ ಇದೆ.